ಐವತ್ತಾರು ಎಳೆಯ ಕಂಪ್ಯೂಟರು

ನಮ್ಮ ಕಾಕಾ ನಾಲ್ಕು ಹಳೆಯ ಮಗ್ಗಗಳನ್ನು ಬಿಚ್ಚಿ ಐದು ಮಗ್ಗ ಮಾಡಿದ ಮನುಷ್ಯ. ಐದನೆಯದು ಓಡಿತೇ ಎಂದು ಮಾತ್ರ ಕೇಳಬೇಡಿ! ಕೇಳಿದವರನ್ನು ಅವನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕುಡಿಸಿ, ಅದು ಯಾಕೆ ಓಡಲಿಲ್ಲ ಎಂಬುದನ್ನು ಎರಡು ತಾಸು ಬಿಡಿಸಿ ಹೇಳುತ್ತಾನೆ. ಕೊನೆಗೆ ತಪ್ಪು ಮಗ್ಗದ್ದೂ ಅಲ್ಲ, ಅವನದೂ ಅಲ್ಲ, ಕೇಳಿದವರದೇ ಎಂದು ಗೊತ್ತಾಗುತ್ತದೆ.

ಬನಹಟ್ಟಿಯಲ್ಲಿ ಅವನದು ಆರು ಪವರ್‌ಲೂಮುಗಳ ಸಣ್ಣ ಕಾರಖಾನೆ. ಅಷ್ಟರಲ್ಲಿ ಸುಮ್ಮನಿರಬಹುದಿತ್ತಲ್ಲ? ಇಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಹಾಜರು. ಬಿಚ್ಚುತ್ತಾನೆ, ಒರೆಸುತ್ತಾನೆ, ಮತ್ತೆ ಜೋಡಿಸುತ್ತಾನೆ. ಪ್ರತಿ ಸಲ ನಾಲ್ಕು ಸ್ಕ್ರೂ ಉಳಿಯುತ್ತವೆ. "ಕಾಕಾ, ಇವು?" ಎಂದರೆ, "ಕಂಪನ್ಯಾವ್ರಿಗೆ ಧೈರ್ಯ ಸಾಲೂದಿಲ್ಲ ತಂಗಿ, ನಾಕು ಹೆಚ್ಚಿಗಿನ ಹಾಕಿರತಾರ" ಎನ್ನುತ್ತಾನೆ. ಅವನ ಹೆಂಡತಿ, ನಮ್ಮ ಚಿಗವ್ವನ ಮಿಕ್ಸರು ಅವನ ಕೈಗೆ ಹೋಗಿ ಬಂದ ಮೇಲೆ ಮುಚ್ಚಳ ತೆಗೆದಾಗ ಮಾತ್ರ ತಿರುಗತೊಡಗಿತು. ಅಡುಗೆಮನೆಯ ಮಾಳಿಗೆಗೆ ಇವತ್ತಿಗೂ ಶೇಂಗಾ ಚಟ್ನಿಯ ಗುರುತಿದೆ.

ಇಂಥವನ ಕೈಗೆ ನಾನು ನನ್ನ ಬದುಕಿನ ಒಂದೇ ಒಂದು ಅವಕಾಶವನ್ನು ಯಾಕೆ ಕೊಟ್ಟೆ? ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಿ. ಬಂದೇ ಬರುತ್ತದೆ.

ಜಮಖಂಡಿಯ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಮನೆಗಳ ನಕ್ಷೆ ತೆಗೆಯುತ್ತೇನೆ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಸಾಹೇಬರು ಗಿರಾಕಿಗಳ ಜೊತೆ ಮಾತಾಡುತ್ತಾರೆ, ನಾನು ಗೆರೆ ಎಳೆಯುತ್ತೇನೆ. ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕವಿರುತ್ತದೆ. ಮನೆಯ ಮಾಲೀಕರು ಯಾರು, ನಕ್ಷೆ ತೆಗೆದವರು ಯಾರು ಎಂದು ಬರೆಯುವ ಜಾಗ. ಅಲ್ಲಿ ಸಾಹೇಬರ ಹೆಸರು, ಹೆಸರಿನ ಮುಂದೆ ಪದವಿಗಳು, ಪದವಿಗಳ ಕೆಳಗೆ ಎರಡು ಮೊಬೈಲ್ ನಂಬರು. ಅವನ್ನೆಲ್ಲ ನಾನೇ ಟೈಪ್ ಮಾಡುತ್ತೇನೆ. ನನ್ನ ಹೆಸರು? ಅಯ್ಯೋ, ಅಷ್ಟು ಸಣ್ಣ ಚೌಕದಲ್ಲಿ ಎಷ್ಟು ಮಂದಿಯನ್ನು ತುಂಬುವುದು!

ಒಮ್ಮೆ ಮುಧೋಳದಲ್ಲಿ ನಾನೇ ನಕ್ಷೆ ತೆಗೆದ ಮನೆಯ ಮುಂದೆ ನಿಂತು ನೋಡುತ್ತಿದ್ದೆ. ಮನೆಯಾಕೆ ಹೊರಗೆ ಬಂದು, "ಯಾರು ಬೇಕಾಗಿತ್ರಿ? ಹಂಗ್ಯಾಕ ನೋಡಾಕತ್ತೀರಿ?" ಎಂದು ಕೇಳಿದಳು. "ಬಿಸಿಲಿತ್ರೀ, ನೆರಳಿಗೆ ನಿಂತಿನಿ" ಎಂದೆ. ಆ ನೆರಳು ಕೊಡುವ ಪೋರ್ಚು ಬೇಕೇ ಬೇಕು ಎಂದು ನಾನು ಸಾಹೇಬರ ಜೊತೆ ಒಂದು ವಾರ ಜಗಳಾಡಿದ್ದೆ. ಆಕೆ ಗೇಟು ಹಾಕಿಕೊಂಡಳು, ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಡಿಪ್ಲೊಮಾ ನನಗೂ ಇದೆ. ನಕ್ಷೆಗೆ ಸಹಿ ಹಾಕುವ ಪರವಾನಗಿಯನ್ನೂ ಮಾಡಿಸಿ ಕಪಾಟಿನಲ್ಲಿ ಮಲಗಿಸಿದ್ದೆ. ಇಲ್ಲದಿದ್ದದ್ದು ಮಷೀನು. ಈಗಿನ ಗಿರಾಕಿ ಬರೀ ಗೆರೆ ನೋಡಿ ಒಪ್ಪುವುದಿಲ್ಲ. ಕಟ್ಟುವ ಮೊದಲೇ ಮನೆಯನ್ನು ಫೋಟೋ ತೆಗೆದಂತೆ ತೋರಿಸಬೇಕು. ಯಾವ ಗೋಡೆಯ ಮೇಲೆ ಬಿಸಿಲು ಎಷ್ಟು ಬಿದ್ದೀತು, ಗಾಜಿನಲ್ಲಿ ಏನು ಕಂಡೀತು ಎಂದು ಕಂಪ್ಯೂಟರು ಲೆಕ್ಕ ಹಾಕಿ ಹಾಕಿ ಚಿತ್ರ ಮೂಡಿಸುತ್ತದೆ. ಅದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಸಾಮಾನ್ಯ ಕಂಪ್ಯೂಟರಿಗೆ ಆ ಕೆಲಸ ಹಚ್ಚಿದರೆ ಏದುಸಿರು ಬಿಡುತ್ತ ಕೂತುಬಿಡುತ್ತದೆ.

ಅಷ್ಟರಲ್ಲಿ ಮುಧೋಳದಿಂದ ಒಬ್ಬ ನಿವೃತ್ತ ನರ್ಸು, ಸಿಸ್ಟರ್ ಬಾಯಿ, ಆಫೀಸಿಗೆ ಬಂದರು. ತಮ್ಮ ಸೈಟಿನ ಮಾತಾಡಿದರು. ಸಾಹೇಬರು ಮಾತಾಡಿದಾಗಲೆಲ್ಲ ಅವರ ಕಣ್ಣು ನನ್ನ ಕೈಯ ಮೇಲಿತ್ತು. ಹೋಗುವಾಗ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು: "ನಾ ಮೂವತ್ತ ವರ್ಷ ಆಪರೇಶನ್ ಖೋಲ್ಯಾಗ ನಿಂತಾಕಿ. ಕೆಲಸ ಯಾರ ಕೈ ಮಾಡತೈತಿ, ಹೆಸರು ಯಾರಿಗೆ ಬರತೈತಿ, ನನಗೇನು ಹೇಳಬ್ಯಾಡ್ರಿ. ನನ್ನ ಮನಿ ನೀವ ಮಾಡಿಕೊಡ್ರಿ. ಪಾಡ್ಯಕ್ಕ ಗುದ್ದಲಿ ಪೂಜಾ. ಅದಕ್ಕ ಹದಿನೈದ ದಿನ ಮೊದ್ಲ ನಮ್ಮ ಅಣ್ಣ ಬರತಾನ, ಅಂವ ನೋಡಿ ಹ್ಞೂಂ ಅನಬೇಕು. ಅಷ್ಟರಾಗ ಫೋಟೋದಂಗ ತೋರಸ್ರಿ."

ಯುಗಾದಿ ಪಾಡ್ಯಕ್ಕೆ ಏಳು ವಾರವಿತ್ತು. ಹದಿನೈದು ದಿನ ಕಳೆದರೆ ನನಗೆ ಉಳಿದದ್ದು ಐದು ವಾರ. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕೇಳಿದ್ದರು. ಆ ರಾತ್ರಿ ಊಟ ಸೇರಲಿಲ್ಲ, ಸಂತೋಷಕ್ಕೆ.

ಜಮಖಂಡಿಯಲ್ಲೇ ಕಂಪ್ಯೂಟರು ಕೊಳ್ಳೋಣವೆಂದು ಅಂಗಡಿಗೆ ಹೋದರೆ ಅಂಗಡಿಯಾತ, "ಸಾಹೇಬರಿಗೇನ್ರಿ? ತಡೀರಿ, ಫೋನ್ ಹಚ್ಚಿ ಅವರನ್ನ ಕೇಳತೇನಿ" ಎಂದು ಮೊಬೈಲ್ ಎತ್ತಿಕೊಂಡ! ಅಲ್ಲಿಂದ ಓಡಿದವಳು ನೇರ ಬನಹಟ್ಟಿಯಲ್ಲಿ ನಿಂತೆ. ಅಪ್ಪ ತೀರಿದ ಮೇಲೆ ನಾನು ಬೆಳೆದದ್ದು ಕಾಕಾನ ಮನೆಯಲ್ಲೇ. ಬೀದಿಗೆ ಕಾರಖಾನೆ, ಅದರ ಹಿಂದೆ ಎರಡು ಖೋಲಿ. ಅದರಲ್ಲಿ ಒಂದರಲ್ಲಿ ಮಷೀನು ಇಟ್ಟು, ರವಿವಾರಗಳಲ್ಲೂ ರಜೆ ಹಾಕಿಯೂ ಕೆಲಸ ಮುಗಿಸುವುದೆಂದು ನನ್ನ ಯೋಜನೆ. ಸಾಹೇಬರ ಕಿವಿಗೆ ಬೀಳುವುದಿಲ್ಲ. ಬನಹಟ್ಟಿಯ ಮಗ್ಗಗಳ ಸಪ್ಪಳದಲ್ಲಿ ಯಾರ ಕಿವಿಗೆ ಏನು ಬೀಳುತ್ತದೆ?

ಹದಿನೈದು ದಿನ ಓದಿ, ಕೇಳಿ, ಅಳೆದು ಸುರಿದು ಒಂದು ಪಟ್ಟಿ ಮಾಡಿದ್ದೆ. ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ಗುರುತು ಹಾಕಿದ್ದೆ. ಕ್ಯಾಬಿನೆಟ್ಟಿಗೆ ಬಣ್ಣದ ದೀಪಗಳು ಬೇಡ. ಪವರ್ ಸಪ್ಲೈ ಅಗ್ಗದ್ದು ಬೇಡ. ಗ್ರಾಫಿಕ್ಸ್ ಕಾರ್ಡು ಬಳಸಿದ್ದಾದರೂ ಸೈ, ಆದರೆ ಗಟ್ಟಿಯದು. ಪ್ರೊಸೆಸರು ಆರು ಕೋರಿನದು, ಹನ್ನೆರಡು ಥ್ರೆಡ್ಡಿನದು. ಹುಬ್ಬಳ್ಳಿಯ ಅಂಗಡಿಯವನಿಗೆ ಎಲ್ಲ ಹೇಳಿಟ್ಟಿದ್ದೆ. ನನ್ನ ರಜೆಗಳನ್ನೆಲ್ಲ ನಕ್ಷೆಗೆ ಉಳಿಸಿಕೊಳ್ಳಬೇಕಿತ್ತಲ್ಲ, ಅದಕ್ಕೇ ಹುಬ್ಬಳ್ಳಿಗೆ ಹೋಗಲು ಕಾಕಾನಿಗೆ ಹೇಳಿದೆ. ಹಣ ಕೊಟ್ಟು ಸಾಮಾನು ತರುವುದಷ್ಟೇ ಅವನ ಕೆಲಸ. ಅಷ್ಟೇ!

ಕಾಕಾ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದ.

"ಇದೇನಿದು, ಹನ್ನೆರಡು ಥ್ರೆಡ್?"

"ಎಳಿ ಇದ್ದಂಗ ಕಾಕಾ. ಒಂದ ಹೊತ್ತಿಗೆ ಹನ್ನೆರಡು ಕೆಲಸ ಕೂಡೇ ನಡೀತಾವ."

ಎಳೆ ಎಂಬ ಮಾತು ನನ್ನ ಬಾಯಿಂದ ಬಂತಲ್ಲ, ಅಲ್ಲೇ ನಾನು ಕೆಟ್ಟೆ. ನೇಕಾರನ ಮುಂದೆ ಆಡುವ ಮಾತೇ ಅದು? ಕಾಕಾನ ಮುಖದಲ್ಲಿ ನನ್ನ ಬಗ್ಗೆ ಮರುಕ ಮೂಡಿತು.

"ಹನ್ನೆರಡ ಎಳಿ? ಏ ಹುಚ್ಚಿ, ನನ್ನ ಒಂದ ಸೀರಿ ಹಾಸಿನಾಗ ಎಷ್ಟ ಸಾವಿರ ಎಳಿ ಇರತಾವ ಗೊತ್ತೈತೇನ? ಹನ್ನೆರಡ ಎಳ್ಯಾಗ ಉಡದಾರ ಆಗತೈತಿ, ಉಡದಾರ! ಮನಿ ಹ್ಯಾಂಗ ಆಗತೈತಿ?"

"ಕಾಕಾ, ಆ ಎಳಿ ಬ್ಯಾರೆ, ಈ ಎಳಿ ಬ್ಯಾರೆ."

"ಎಳಿ ಅಂದ್ರ ಎಳಿ. ನನಗ ಕಲಸಬ್ಯಾಡ."

ಹುಬ್ಬಳ್ಳಿಗೆ ಹೊರಟ ಮನುಷ್ಯ ಲೋಕಾಪುರದಲ್ಲೇ ಇಳಿದ! ಬಸ್ಸು ಚಹಾಕ್ಕೆ ನಿಂತಿದೆ, ರಸ್ತೆಯಾಚೆ ಗುಜರಿ ಅಂಗಡಿ ಇದೆ, ಅಂಗಡಿಯ ಮುಂದೆ ಯಾವುದೋ ಮುಚ್ಚಿದ ಆಫೀಸಿನ ಕಂಪ್ಯೂಟರುಗಳ ರಾಶಿ ಬಿದ್ದಿದೆ. ಇವನು ಹೋಗಿ ಕೇಳಿದ್ದು ಒಂದೇ ಪ್ರಶ್ನೆ: "ಭಾಳ ಎಳಿದು ಯಾವದು?" ಗುಜರಿಯವನಿಗೆ ಏನು ತಿಳಿಯಬೇಕು? ಅಲ್ಲೇ ನಿಂತಿದ್ದ ಯಾರೋ ತಿಳಿದವರು ಒಂದು ದೊಡ್ಡ ಬೋರ್ಡಿನತ್ತ ಕೈ ಮಾಡಿದರಂತೆ. ಸಂಜೆ ಮನೆಗೆ ಬಂದಾಗ ಕಾಕಾನ ಹೆಗಲ ಮೇಲೆ ಗೋಣಿಚೀಲ, ಮುಖದಲ್ಲಿ ಮದುಮಗನ ಕಳೆ.

"ಐವತ್ತಾರ ಎಳಿ!" ಎಂದ ಚೀಲ ಇಳಿಸುತ್ತ. "ನಿನ್ನ ಹುಬ್ಬಳ್ಳಿಯಾಂವ ಹನ್ನೆರಡಕ್ಕ ನಿನ್ನ ಮಾರತಿದ್ದ. ಉಳದ ರೊಕ್ಕದಾಗ ನಿಮ್ಮ ಚಿಗವ್ವಗ ಇಸ್ತ್ರಿ ಪೆಟಗಿ ತಂದೇನಿ."

ಇಸ್ತ್ರಿ ಪೆಟ್ಟಿಗೆ ಕೆಟ್ಟದ್ದಾಗಿತ್ತು ಎಂದು ಬೇರೆ ಹೇಳಬೇಕೇ?

ಚೀಲದಲ್ಲಿದ್ದದ್ದು ಹಳೆಯ ಸರ್ವರಿನ ಬೋರ್ಡು, ಅದರ ಮೇಲೆ ಎರಡು ಪ್ರೊಸೆಸರು. ಒಂದೊಂದಕ್ಕೆ ಇಪ್ಪತ್ತೆಂಟು ಥ್ರೆಡ್ಡು. ನ್ಯಾಯವಾಗಿಯೇ ಹೇಳುತ್ತೇನೆ, ಇಂಥ ಹಳೆಯ ಮಾಲಿನಿಂದಲೂ ರೆಂಡರಿಂಗ್ ಮಾಡುವ ಬಡವರು ಇದ್ದಾರೆ. ಆದರೆ ಅವರು ಎಲ್ಲವನ್ನೂ ಪರೀಕ್ಷಿಸಿ ಕೊಳ್ಳುತ್ತಾರೆ. ಗೋಣಿಚೀಲದಲ್ಲಿ ತರುವುದಿಲ್ಲ.

ನಾನು ಅತ್ತೆ. ಮೂರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದು ಮುಗಿದೇ ಹೋಗಿತ್ತು. ಗ್ರಾಫಿಕ್ಸ್ ಕಾರ್ಡಿಗೆಂದು ಇಟ್ಟದ್ದೂ ಐವತ್ತಾರು ಎಳೆಗಳಲ್ಲಿ ಸೇರಿಹೋಗಿತ್ತು. ಉಳಿದ ಚಿಲ್ಲರೆಗೆ ಒಂದು ಸಣ್ಣ ಹಳೆಯ ಕಾರ್ಡು ಸಿಕ್ಕಿತು. ಪರದೆಯ ಮೇಲೆ ಏನಾದರೂ ಕಾಣಿಸುವುದಷ್ಟೇ ಅದರ ಶಕ್ತಿ.

ಆ ಬೋರ್ಡು ಯಾವ ಕ್ಯಾಬಿನೆಟ್ಟಿಗೂ ಹಿಡಿಸಲಿಲ್ಲ. ಕಾಕಾನಿಗೆ ಅದೇ ಹಬ್ಬ. ಕಾರಖಾನೆಯಲ್ಲಿ ಬಿದ್ದಿದ್ದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ತಂದು, ಒಂದು ಮಗ್ಗುಲು ಕೊಯ್ದು, ಬೋರ್ಡನ್ನು ಅದರಲ್ಲಿ ಕೂಡಿಸಿದ. ಮುಚ್ಚಳ ಹಾಕು ಎಂದರೆ ಹಾಕಲಿಲ್ಲ. "ಮಗ್ಗಕ್ಕ ಯಾರರ ಮುಚ್ಚಳಾ ಹಾಕತಾರೇನ? ಎಲ್ಲಿ ಎಳಿ ಹರದೈತಿ ಕಣ್ಣಿಗಿ ಕಾಣಬೇಕು" ಎಂದ. ಪವರ್ ಸಪ್ಲೈಯ ವೈರುಗಳು ಅಷ್ಟು ದೂರ ಮುಟ್ಟಲಿಲ್ಲ. ಅವನ್ನು ತುಂಡರಿಸಿ ನೂಲಿಗೆ ಹಾಕುವ ಗಂಟನ್ನೇ ಹಾಕಿ ಜೋಡಿಸಿದ. ಗಂಟು ಎಷ್ಟು ಸಣ್ಣದೆಂದರೆ ಬೆರಳಿಗೆ ತಾಗುತ್ತಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ಹೊಗೆ ಬಂತು.

ಹೊಸ ಪವರ್ ಸಪ್ಲೈ ಬರಲು ಒಂದು ವಾರ. ಬೋರ್ಡಿನ ಒಂದು ರ‍್ಯಾಮ್ ಪಟ್ಟಿ ಸತ್ತಿದೆ ಎಂದು ಕಂಡುಹಿಡಿಯಲು ಮತ್ತೊಂದು ವಾರ. ಮುಧೋಳದಿಂದ ಸಿಸ್ಟರ್ ಫೋನು ಮಾಡಿ, "ಆತೇನ್ರಿ?" ಎನ್ನುವರು. ನಾನು, "ಆಗಾಕತ್ತೈತ್ರಿ" ಎನ್ನುವೆ. ಆಗುತ್ತಿದ್ದದ್ದು ನನ್ನ ತಲೆ ಕೆಡುವ ಕೆಲಸ ಮಾತ್ರ.

ಒಂದು ರವಿವಾರ ಆರೂ ಮಗ್ಗಗಳು ಧಡಧಡ ಓಡುತ್ತಿದ್ದವು. ಆ ಸಪ್ಪಳದಲ್ಲಿ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳಿಸದು. ಆಚೆ ತುದಿಯಲ್ಲಿ ಕಾಕಾ ಲಾಳಿಗೆ ನೂಲು ಹಾಕುತ್ತಿದ್ದ. ಸಂಕಟ ಹೊರಗೆ ಹಾಕಲು ಇದೇ ಸಮಯವೆಂದು ನಾನು ಮೆಲ್ಲಗೆ, "ಹುಚ್ಚ ಮುದುಕ" ಎಂದೆ. ಕಾಕಾನ ಕಣ್ಣು ಆಗ ನನ್ನ ಮುಖದ ಮೇಲೇ ಇತ್ತು. ಅಲ್ಲಿಂದಲೇ ಕೈ ಅಲ್ಲಾಡಿಸಿ, ಬಾಯಿ ಅಗಲ ಮಾಡಿ, "ಮುದುಕ ಅನ್ನು. ಹುಚ್ಚ ಅನಬ್ಯಾಡ" ಎಂದ!

ಚಿಗವ್ವ ಬಿದ್ದು ಬಿದ್ದು ನಕ್ಕಳು. ಮಗ್ಗದ ಸಪ್ಪಳದಲ್ಲಿ ನಲವತ್ತು ವರ್ಷ ಕಳೆದವರು ಕಿವಿಯಿಂದ ಕೇಳುವುದಿಲ್ಲವಂತೆ, ತುಟಿ ನೋಡಿ ತಿಳಿಯುತ್ತಾರಂತೆ. ಹಾಗಾದರೆ ಗೋಣಿಚೀಲ ಬಂದ ದಿನದಿಂದ ನಾನು ಮಗ್ಗಗಳ ಮರೆಯಲ್ಲಿ ಅಂದದ್ದೆಲ್ಲ? "ಎಲ್ಲಾ ಗೊತ್ತೈತಿ ಅವಗ" ಎಂದಳು ಚಿಗವ್ವ. "ಗುರುವಾರ ಅಂದದ್ದು ಭಾಳ ಕೆಟ್ಟ ಮಾತಿತ್ತು ಬಿಡು." ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ನಾಲ್ಕನೆಯ ವಾರ ಮಷೀನು ಚಾಲೂ ಆಯಿತು. ಅದರ ಫ್ಯಾನುಗಳು ಏಳನೆಯ ಮಗ್ಗವೇ ಬಂತೇನೋ ಎನ್ನುವಂತೆ ಊಳಿಟ್ಟವು. ಕಾಕಾ ಕಣ್ಣು ಮುಚ್ಚಿ ಕೇಳಿ, "ಆಹಾ, ಖರೆ ಮಷೀನು!" ಎಂದ. ನಾನು ಹೊಸ ನಕ್ಷೆ ತೆರೆದು ಮೊದಲ ಗೋಡೆಯ ಗೆರೆ ಎಳೆದೆ. ಮೌಸು ಹೋಯಿತು. ಗೆರೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಏನೋ ನೆನಪಾದಂತೆ, ಗೆರೆ ಬಂತು.

"ಯಾಕಿಷ್ಟು ನಿಧಾನ? ಐವತ್ತಾರ ಅದಾವಲ್ಲ?" ಎಂದ ಕಾಕಾ.

ವಿವರಿಸಿದೆ. ಗೆರೆ ಎಳೆಯುವ ಕೆಲಸವನ್ನು ಹಂಚಿ ಮಾಡಲು ಬರುವುದಿಲ್ಲ, ಹೆಚ್ಚೂ ಕಡಿಮೆ ಒಂದೇ ಥ್ರೆಡ್ಡು ದುಡಿಯುತ್ತದೆ. ಆ ಒಂದು ಚುರುಕಾಗಿದ್ದರೆ ಸಾಕು, ನನ್ನ ಪಟ್ಟಿಯ ಹನ್ನೆರಡರಲ್ಲಿ ಒಂದೊಂದೂ ಚುರುಕಾಗಿತ್ತು. ಇದರಲ್ಲಿ ಒಂದು ಏದುಸಿರು ಬಿಟ್ಟು ದುಡಿಯುತ್ತಿದೆ, ಉಳಿದ ಐವತ್ತೈದು ಕೂತು ನೋಡುತ್ತಿವೆ.

"ಹಂಗಾರ ನಮ್ಮ ಮನಿಗತೆ ಆತು" ಎಂದ ಕಾಕಾ ಗಂಭೀರವಾಗಿ. "ಒಬ್ಬ ದುಡಿಯಾಂವ, ಉಳದಾವ್ರು ನೋಡಾವ್ರು."

"ಒಬ್ಬ ಅಲ್ಲ, ಒಬ್ಬಾಕಿ!" ಎಂದಳು ಒಳಗಿನಿಂದ ಚಿಗವ್ವ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಗೆರೆಗಾಗಿ ಕಾಯುತ್ತ, ಕಾಯುತ್ತ ಮನೆ ಮುಗಿಸಿದೆ. ಒಂದು ವಾರದ ಕೆಲಸಕ್ಕೆ ಎರಡು ವಾರ ಹಿಡಿಯಿತು. ಸಿಸ್ಟರ್ ಹೇಳಿದ ದಿನ ದಾಟಿತು. "ಅಣ್ಣ ಬಂದಾನ್ರಿ" ಎಂದರು. "ಎರಡ ದಿನ ತಡೀರಿ" ಎಂದೆ. ಎರಡು ನಾಲ್ಕಾಯಿತು. ಕಡೆಗೆ ರೆಂಡರಿಂಗಿಗೆ ಹಚ್ಚಿದಾಗ ಐವತ್ತಾರೂ ಎಳೆಗಳು ಕೂಡಿ ದುಡಿಯತೊಡಗಿದವು. ನಿಜ ಹೇಳಬೇಕೆಂದರೆ ಅದನ್ನು ನೋಡಿ ನನಗೂ ಎದೆಯುಬ್ಬಿತು! ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಮೂಡತೊಡಗಿತು. ಅರ್ಧ ಆಗಿತ್ತು. ಠಪ್ಪನೆ ಆರಿಹೋಯಿತು.

ಕಾರಣ ಎರಡು. ಒಂದು, ಕಾರಖಾನೆಯ ಗಾಳಿಯಲ್ಲಿ ಹಾರುವ ಹತ್ತಿಯ ಧೂಳು. ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಫ್ಯಾನಿಗೆ ಹತ್ತಿಯ ಕುಲಾಯಿಯೇ ಆಗಿತ್ತು, ಅದೂ ಬನಹಟ್ಟಿಯ ಬೇಸಿಗೆಯಲ್ಲಿ. ಎರಡು, ಆರು ಮಗ್ಗಗಳು ಎಳೆಯುವ ಕರೆಂಟು. ಅವು ಎಳೆದಾಗೆಲ್ಲ ನನ್ನ ಮಷೀನು ಸಾಯುತ್ತಿತ್ತು. ಕಾಕಾ ಫ್ಯಾನನ್ನು ಬ್ರಶ್ಶಿನಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡಿದ. ಆಮೇಲೆ ಹೋಗಿ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ. ಆರೂ ನಿಂತವು. ಎರಡು ದಿನ ನಿಂತೇ ಇದ್ದವು.

ನಮ್ಮ ಓಣಿಯಲ್ಲಿ ಕೆಲಸದ ದಿನ ಒಂದು ಮನೆಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವೆಂದರೆ ಅರ್ಥ ಒಂದೇ. ಅರ್ಧ ತಾಸಿನಲ್ಲಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಂದಿ ಬರತೊಡಗಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಚಿಗವ್ವನನ್ನು ಹುಡುಕಿದರು. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಯಾರ ಹೋದ್ರು?" ಎಂದು ಮೂಲೆಮನೆಯ ಅಜ್ಜ ಗದ್ಗದಿತನಾಗಿ ಕೇಳಿದ.

"ಯಾರೂ ಹೋಗಿಲ್ಲ. ಒಂದ ಮನಿ ಬರಾಕತ್ತೈತಿ" ಎಂದು ಕಾಕಾ ಪರದೆ ತೋರಿಸಿದ.

ಎಲ್ಲರೂ ಬಗ್ಗಿ ನೋಡಿದರು. ಅಜ್ಜನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಹಾರಾ ತಂದೇನಲ್ಲೋ!" ಎಂದ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಹಾರವನ್ನು ನನ್ನ ಕಂಪ್ಯೂಟರಿಗೆ ಹಾಕಿ ಕೈಮುಗಿದು ಹೋದ.

ಎರಡನೆಯ ದಿನ ಸಂಜೆಗೆ ಚಿತ್ರಗಳು ಮುಗಿದವು. ಚಂದ ಬಂದಿದ್ದವು. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರು ಹೇಳಬೇಕು? ಕಾಕಾ ಬಹಳ ಹೊತ್ತು ನೋಡಿದ. ಪೋರ್ಚಿನಲ್ಲಿ ನಾನು ಶೋಭೆಗೆಂದು ಒಂದು ನಾಯಿ ನಿಲ್ಲಿಸಿದ್ದೆ, ಕೂದಲು ತುಂಬಿದ ದಪ್ಪ ನಾಯಿ.

"ಮನಿ ಮುಧೋಳದಾಗ, ನಾಯಿ ಪರದೇಶದ್ದ? ಊರ ಮಂದಿ ನಗತಾರ ತಂಗಿ" ಎಂದ.

ಅಷ್ಟು ದೊಡ್ಡ ಹೆಸರಿನ ಬೇಟೆನಾಯಿಯ ಊರಿಗೆ ಈ ಉಣ್ಣೆಯ ಮೂಟೆಯನ್ನು ಒಯ್ಯುತ್ತಿದ್ದೆನಲ್ಲ! ಅದನ್ನು ಅಳಿಸಿ ಹಾಕಿದೆ.

ಪಾಡ್ಯಕ್ಕೆ ಆರು ದಿನವಿತ್ತು. ಮುಧೋಳಕ್ಕೆ ಹೋದೆ. ಸಿಸ್ಟರ್ ಚಿತ್ರಗಳನ್ನು ಒಂದೊಂದಾಗಿ ನೋಡಿದರು, ಅಡುಗೆಮನೆಯ ಚಿತ್ರವನ್ನು ಮತ್ತೆ ಮತ್ತೆ ನೋಡಿದರು. ನೋಡಿ ನನ್ನ ಕೈ ಹಿಡಿದುಕೊಂಡರು. ಆ ಹಿಡಿತದಲ್ಲೇ ನನಗೆ ಅರ್ಥವಾಯಿತು.

"ಭಾಳ ಛಲೋ ಆಗೈತ್ರಿ. ಆದ್ರ ಅಣ್ಣಗ ತಡಿಯೂದ ಆಗಲಿಲ್ಲ. ದಿನಾ ದಾಟಿತು ಅಂತ ಹೋದ ವಾರ ನಿಮ್ಮ ಸಾಹೇಬರಿಗೇ ಹೇಳಿಬಂದಾನ. ಸಹಿ ಅವರದ ಇರಲಿ ಅಂತಾನ. ಹೆಂಗೂ ನೀವು ಅವರ ಕಡೇನ ಇದ್ದೀರಲ್ರಿ, ಮನಿ ಅಂತೂ ನೀವು ತೆಗದದ್ದ ಆಗತೈತಿ" ಎಂದರು. ಅಣ್ಣ ಒಳಗಿದ್ದರು, ಹೊರಗೆ ಬರಲಿಲ್ಲ. ಸಿಸ್ಟರ್ ಆ ಚಿತ್ರಗಳನ್ನು ಪೂಜೆಯ ದಿನ ನಾಲ್ಕು ಮಂದಿಗೆ ತೋರಿಸುತ್ತೇವೆ ಎಂದು ಇಸಿದುಕೊಂಡರು. ನಾನು ಕೊಟ್ಟೆ. ಕೊಡುವುದಿಲ್ಲ ಎನ್ನಲು ನನಗೆ ಅಭ್ಯಾಸವೇ ಇಲ್ಲವಲ್ಲ!

ಸೋಮವಾರ ಸಾಹೇಬರ ಮುಂದೆ ಹೋಗಿ ನಿಂತೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನನಗೆ ಒಂದು ಮರ್ಯಾದೆಯಾದರೂ ಉಳಿಯುತ್ತಿತ್ತು. ಅವರು ನಕ್ಕರು. ಸಿಸ್ಟರ್ ಇಸಿದುಕೊಂಡ ನನ್ನ ಚಿತ್ರವೇ ಅಣ್ಣನ ಕೈಯಿಂದ ಬಂದು ಮೇಜಿನ ಮೇಲಿತ್ತು, ಕೆಳಗಿನ ಮೂಲೆಯಲ್ಲಿ ಆಗಲೇ ಅವರ ಹೆಸರಿತ್ತು. "ಛಲೋ ಮಾಡೀಯಲ್ಲ! ಆ ಮಷೀನು ಇಲ್ಲೇ ತಂದು ಇಡು, ಆಫೀಸಿಗೆ ಉಪಯೋಗ ಆಗತೈತಿ" ಎಂದರು. ನನ್ನನ್ನು ಶತ್ರು ಎಂದು ಎಣಿಸುವಷ್ಟು ದೊಡ್ಡವಳೂ ನಾನಾಗಿರಲಿಲ್ಲ.

ಬನಹಟ್ಟಿಗೆ ಬಂದು ಕಾಕಾನ ಮೇಲೆ ಬಿದ್ದೆ. ಮೆಲ್ಲಗಲ್ಲ, ಕೂಗಿಯೇ. "ನನ್ನ ಪಟ್ಟಿ ಹಂಗ ತಂದಿದ್ರ ವಾರದಾಗ ಮುಗೀತಿತ್ತು! ಹೇಳಿದ ದಿನಾ ಮುಟ್ಟತಿತ್ತು! ನೀ ಹಿಡದದ್ದು ಯಾವದು ನೆಟ್ಟಗಾಗೈತಿ ಕಾಕಾ? ಕಂಡೋರ ಮಿಕ್ಸರ್ ಕೆಡಸಿದ್ದು ಸಾಲಲಿಲ್ಲಂತ ನನ್ನ ಜೀವನಾನೂ ಗುಜರಿ ಮಾಡಿದಿ!" ಚಿಗವ್ವ ನನ್ನ ಬಾಯಿ ಮುಚ್ಚಲು ಬಂದಳು. ಕಾಕಾ ಹುಚ್ಚಿ ಎನ್ನಲಿಲ್ಲ. ಮಗ್ಗದಲ್ಲಿ ಒಂದು ಎಳೆ ಹರಿದಿತ್ತು, ಹೋಗಿ ಗಂಟು ಹಾಕಿದ. ಅಂದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಜಮಖಂಡಿಯವರೆಗೂ ನನಗೆ ನನ್ನ ಮೇಲೆ ಹೇಸಿಕೆ ಬಂತು.

ಮುಂದಿನ ರವಿವಾರ ಹೋಗಬಾರದು ಎಂದುಕೊಂಡೇ ಹೋದೆ. ಮಷೀನಿನಿಂದ ನನ್ನ ಕಡತಗಳನ್ನು ತೆಗೆದುಕೊಂಡು ಬಂದುಬಿಡುವುದೆಂದು ಹಿಂದಿನ ಖೋಲಿಯಲ್ಲಿ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಯಾರೋ ಬಾಗಿಲು ಬಡಿದರು.

ತಿರುಗಿ ನೋಡಿದರೆ ಕಾಕಾ. ಮದುವೆಗಳಿಗೆ ಮಾತ್ರ ಹಾಕುವ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ತನ್ನದೇ ಮನೆಯ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದಾನೆ.

"ಬರಬಹುದೇನ್ರಿ?" ಎಂದ.

"ಇದೇನ ಕಾಕಾ?"

"ಕಾಕಾ ಹೊರಗ ಹೋಗ್ಯಾನ್ರಿ. ನಾ ಕಟ್ಟಡ ಕಟಸಾಂವ ಬಂದೇನಿ. ಕುಂದರ್ರಿ ಅನ್ನೂದಿಲ್ಲೇನ್ರಿ ಇಂಜಿನಿಯರ್ ಬಾಯಾರು?"

ಹುಟ್ಟಿದಾಗಿನಿಂದ ನನ್ನನ್ನು ಹುಚ್ಚಿ, ತಂಗಿ, ಲೇ ಎಂದವನು. "ಕುಂದರ್ರಿ" ಎಂದೆ.

ಕುರ್ಚಿಯ ತುದಿಯಲ್ಲಿ ಕೂತ. ಪರಊರಿನ ಗಿರಾಕಿಯ ಹಾಗೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಜಾಗಾ ಎಷ್ಟ ಐತ್ರಿ?" ಎಂದು ಕೇಳಿದೆ. ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

"ಬೀದಿ ಕಡೇದು ಎರಡ ಮಗ್ಗ ತೆಗದ್ರ ಎಷ್ಟ ಆಗತೈತಿ, ಅಷ್ಟರಿ. ಒಂದ ಖೋಲಿ ಸಾಕು. ಆಫೀಸ್ ಮಾಡಬೇಕ್ರಿ."

"ಯಾರಿಗಿ?"

"ಒಬ್ಬಾಕಿ ಅದಾಳ್ರಿ. ಮನಿ ನಕ್ಷಾ ತೆಗೀತಾಳ. ಭಾಳ ಸಿಟ್ಟಿನಾಕಿ, ಬಾಗಲಾ ಗಟ್ಟಿ ಇರಲಿ. ನೂಲಿನ ಧೂಳ ಒಳಗ ಬರದಂಗ ನಡಕ ಗ್ವಾಡಿ ಹಾಕ್ರಿ. ಮತ್ತ ಬೀದಿಗಿ ಒಂದ ದೊಡ್ಡ ಕಿಡಕಿ. ಒಳಗ ಯಾರ ಕುಂತ ಗೆರಿ ಎಳ್ಯಾಕತ್ತಾರ, ಹೋಗಾವ್ರು ಬರಾವ್ರು ನೋಡಬೇಕ್ರಿ."

"ಮಗ್ಗ ತೆಗದ್ರ ನೀವೇನ ಮಾಡತೀರಿ?" ಎಂದೆ.

"ಅದು ಮಾಲಕರ ಚಿಂತಿರಿ. ನೀವು ಗೆರಿ ಎಳೀರಿ."

ಅಳತೆ ಹಾಕಿದೆ. ಗೋಡೆ ಎಳೆದೆ, ಬಾಗಿಲು ಇಟ್ಟೆ, ಕಿಟಕಿ ಇಟ್ಟೆ. ಕೆಳಗಿನ ಚೌಕಕ್ಕೆ ಬಂದಾಗ, "ಮಾಲಕರ ಹೆಸರು ಏನಂತ ಬರೀಲ್ರಿ?" ಎಂದು ಕೇಳಿದೆ.

"ಮಾಲಕರದು ಎಲ್ಯಾರ ಸಣ್ಣಾಗಿ ಬರೀರಿ. ತೆಗದವರದು ದಪ್ಪಗ ಬರೀರಿ."

ನನ್ನ ಹೆಸರು ಬರೆದೆ. ಕಾಕಾ ಮುಂದೆ ಬಂದು, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಸಣ್ಣದಾತ್ರಿ" ಎಂದ.

ದೊಡ್ಡದು ಮಾಡಿದೆ.

"ಇನ್ನೂ."

ಹೆಸರು ಚೌಕ ದಾಟಿ ಹೊರಗೆ ಬಂತು. "ಜಾಗಾ ಸಾಲೂದಿಲ್ಲ ಕಾಕಾ" ಎಂದೆ, ಅಳುತ್ತ.

"ಹಂಗಾರ ಚೌಕಾನ ದೊಡ್ಡದು ಮಾಡ್ರಿ" ಎಂದ.